ಮೀನುಗಳ ನಡುವೆ ಮನುಷ್ಯ

ಹಾಸಿನ, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ, ಎಳೆ ಕೂಡಿಸುವುದು ನನ್ನ ಕೆಲಸ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಯಾರ ಮಗ್ಗದ ಹಾಸು ಮುಗಿದರೂ ನನ್ನನ್ನು ಕರೆಯುತ್ತಾರೆ. ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಒಂದು ಎಳೆ ಪಕ್ಕದ ಎಳೆಯ ಜಾಗಕ್ಕೆ ಹೋದರೆ ಸೀರೆಯ ಅಂಚು ಕೆಡುತ್ತದೆ. ಮುಗಿದ ಮೇಲೆ ಮೂರು ಸಲ ತಡವಿ ನೋಡುತ್ತೇನೆ. ಆದರೂ ಮನೆಗೆ ಬರುವಾಗ ಅನುಮಾನ ಜೊತೆಗೇ ಬರುತ್ತದೆ.

ಸಂಜೆ ಬಸ್ಸು ಹಿಡಿದು ಮಕ್ತಲ್‌ಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ಪ್ರಶ್ನೆ ಮಕ್ತಲ್ ಸಂತೆಯಲ್ಲಿ ಹುಟ್ಟಿದ್ದು. ಅಲ್ಲಿ ಬಕೀಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಕೊರಮೀನು ಮಧ್ಯಾಹ್ನದವರೆಗೆ ಬದುಕಿರುತ್ತದೆ, ಬಾಯಿ ಮೇಲೆತ್ತಿ ಗಾಳಿ ಕುಡಿಯುತ್ತದೆ. ಚೇಳುಮೀನೂ ಹಾಗೆಯೇ. ಮೀನುಗಳು ಈ ವಿದ್ಯೆಯನ್ನು ಎಷ್ಟು ಸಲ ಕಲಿತವು? ಕೋಟಿಗಟ್ಟಲೆ ವರ್ಷಗಳ ಹಿಂದಿನ ಮಾತು ಇದು, ನೋಡಿದವರಿಲ್ಲ. ಜೀವಿಗಳ ಸಂಬಂಧ ತೋರಿಸುವ ವಿಕಾಸದ ಮರವನ್ನು ಓದಲು ಬಂದರೆ ಉತ್ತರ ಸಿಗುತ್ತದೆ ಎಂದರು ನಮ್ಮ ನವನೀತಾ ಮೇಡಂ.

ಪುಸ್ತಕದ ಮರದಲ್ಲಿ ಕೊಂಬೆಗಳ ತುದಿಗೆ ಹೆಸರುಗಳು ಸಾಲಾಗಿದ್ದವು: ರೋಹು, ಚೇಳುಮೀನು, ಕೊರಮೀನು, ತಿಲಾಪಿಯಾ, ಶ್ವಾಸಕೋಶವಿರುವ ಆಫ್ರಿಕಾದ ಮೀನು, ಕೊನೆಗೆ ಮನುಷ್ಯ. ಚೇಳುಮೀನು, ಕೊರಮೀನು ಪಕ್ಕಪಕ್ಕದಲ್ಲಿವೆ, ಎರಡೂ ಗಾಳಿ ಕುಡಿಯುತ್ತವೆ. ಹಾಗಾದರೆ ಅವು ಹತ್ತಿರದ ನೆಂಟರು, ವಿದ್ಯೆ ಬಂದದ್ದು ಒಂದೇ ಸಲ ಎಂದು ಹನ್ನೆರಡು ಪುಟ ಬರೆದುಕೊಟ್ಟೆ.

ಮೇಡಂ ಓದಿ ನಕ್ಕರು. "ಗಂಗಾ, ನೀ ತುದಿ ಯಾಕ ನೋಡ್ತಿ? ಎರಡು ಕೊಂಬಿ ಎಲ್ಲಿ ಕೂಡ್ಯಾವ, ಅದನ್ನ ನೋಡು."

ನೋಡಿದೆ. ಚೇಳುಮೀನು ಮೊದಲು ಕೂಡುವುದು ರೋಹುವಿನ ಜೊತೆ, ಕೊರಮೀನು ತಿಲಾಪಿಯಾದ ಜೊತೆ. ಆ ಎರಡು ಜೋಡಿಗಳು ಕೂಡುವುದು ಇನ್ನೂ ಹಿಂದೆ. ರೋಹು, ತಿಲಾಪಿಯಾ ಎರಡಕ್ಕೂ ಆ ವಿದ್ಯೆ ಇಲ್ಲ. ಒಂದೇ ಸಲ ಬಂದಿದ್ದರೆ ಇವೆರಡೂ ಬೇರೆಬೇರೆಯಾಗಿ ಅದನ್ನು ಕಳೆದುಕೊಂಡಿರಬೇಕು. ಅದಕ್ಕಿಂತ ಎರಡು ಸಲ ಬಂತು ಎನ್ನುವುದು ಸರಳ. ಗಾಳಿ ಹಿಡಿದಿಡುವ ಅಂಗವೂ ಕೊರಮೀನಿಗೆ ತಲೆಯೊಳಗೆ, ಚೇಳುಮೀನಿಗೆ ಬೆನ್ನುದ್ದಕ್ಕೆ ಹೋದ ಚೀಲ. ನನ್ನ ಹನ್ನೆರಡು ಪುಟ ಸುಳ್ಳಾದವು. ಪಕ್ಕದಲ್ಲಿದ್ದದ್ದೇ ಹತ್ತಿರದ್ದು ಎಂದು ಮರವನ್ನು ಹಾಸಿನ ಹಾಗೆ ಓದಿದ್ದೆ.

ಆ ನಾಚಿಕೆಯಲ್ಲಿಯೇ ಮಗ್ಗದಲ್ಲಿ ಉಳಿದ ನೂಲಿನ ತುಂಡು, ಬಿದಿರಿನ ಕಡ್ಡಿಗಳಿಂದ ಒಂದು ಮರ ಕಟ್ಟಿ ತೊಲೆಗೆ ತೂಗುಹಾಕಿದೆ. ತುದಿಗಳಲ್ಲಿ ರಟ್ಟಿನ ಚೀಟಿ. ಗಾಳಿ ಕುಡಿಯುವ ವಿದ್ಯೆ ಬಂದ ಕಡೆಯೆಲ್ಲ ಕೆಂಪು ರೇಷ್ಮೆ ಎಳೆ. ಬೆರಳಿನಿಂದ ಒಂದು ಕಡ್ಡಿ ತಿರುಗಿಸಿದರೆ ಚೇಳುಮೀನು ಕೊರಮೀನಿನಿಂದ ದೂರ ಹೋಗುತ್ತಿತ್ತು. ಮೇಲಿನ ಕಡ್ಡಿ ತಿರುಗಿಸಿದರೆ ಮನುಷ್ಯ ಕೊನೆಯಿಂದ ಎದ್ದು ಬಂದು ಆಫ್ರಿಕಾದ ಮೀನಿಗೂ ರೋಹುವಿಗೂ ನಡುವೆ ನಿಲ್ಲುತ್ತಿದ್ದ. ಕೊಂಬೆಗಳು ಕೂಡುವ ಗಂಟುಗಳು ಮಾತ್ರ ಇದ್ದಲ್ಲೇ. ಮನುಷ್ಯ ನಡುವೆ ನಿಂತ ಹಾಗೆಯೇ ಚಿತ್ರ ಬರೆದು, ಪುಟಗಳನ್ನೆಲ್ಲ ಹೊಸದಾಗಿ ಬರೆದು ಗದ್ವಾಲ್‌ಗೆ ಹೋದೆ. ಪರೀಕ್ಷಕರು ಅಲ್ಲಿದ್ದರು. ಅವರ ಸಹಿ ಬೀಳದಿದ್ದರೆ ನನ್ನ ಕೊನೆಯ ವರ್ಷ ಹಾಳಾಗುತ್ತಿತ್ತು.

ಪರೀಕ್ಷಕ ಶಿವಕಾಂತ ಸರ್ ಚಿತ್ರವನ್ನು ನೋಡಿ ನನ್ನ ಪ್ರಾಜೆಕ್ಟ್ ಪುಸ್ತಕ ಮುಚ್ಚಿದರು. ಮನುಷ್ಯ ಎಲ್ಲಕ್ಕಿಂತ ಮುಂದೆ ಬಂದವನು, ಅವನನ್ನು ಮೀನುಗಳ ನಡುವೆ ನಿಲ್ಲಿಸುವುದು ಎಂಥ ಓದು ಎಂದು ಕೇಳಿದರು. ಸಂಜೆ ಕ್ಲಾಸಿನವರ ಹಣೆಬರಹವೇ ಇಷ್ಟು ಎಂದೂ ಅಂದರು. ಶನಿವಾರದೊಳಗೆ ಮನುಷ್ಯನನ್ನು ಕೊನೆಗೆ ಹಾಕಿ ತಂದರೆ ಸಹಿ, ಇಲ್ಲದಿದ್ದರೆ ಮುಂದಿನ ವರ್ಷ.

ಬಸ್ಸಿನಲ್ಲಿ ನನಗೆ ಅವರೇ ಸರಿ ಅನ್ನಿಸತೊಡಗಿತು. ಹೋದ ಸಲವೂ ನಾನು ಧೈರ್ಯವಾಗಿಯೇ ತಪ್ಪು ಬರೆದಿರಲಿಲ್ಲವೇ? ಒಂದು ಕಡ್ಡಿ ತಿರುಗಿಸಿದರೆ ಮುಗಿಯುವ ಕೆಲಸ, ಸುಳ್ಳೂ ಅಲ್ಲ. ಆದರೆ ಮನುಷ್ಯ ಮುಂದೆ ಬಂದವನು ಎಂಬ ಕಾರಣಕ್ಕೆ ತಿರುಗಿಸಿದರೆ ಸುಳ್ಳಾಗುತ್ತಿತ್ತು. ಮೇಡಂಗೆ ಫೋನ್ ಮಾಡಿದೆ. ಮರ ಸರಿಯಿದೆ, ಆದರೆ ವರ್ಷ ನಿನ್ನದು, ನೀನೇ ಯೋಚಿಸು ಎಂದರು.

ಅವ್ವ ಮಗ್ಗದ ಕುಣಿಯಲ್ಲಿ ಕೂತೇ ಎಲ್ಲ ಕೇಳಿದಳು. ಎಳೆಯ ಸಾಲಿನ ವಿಷಯದಲ್ಲಿ ನನಗೆ ಅಂಜಿಕೆ ಹಾಕಿ ಬೆಳೆಸಿದವಳೇ ಅವಳು.

"ಸಾಲು ತಪ್ಪಿದ್ರ ಅಂಚು ಕೆಡ್ತೈತಿ ಅಂತ ನಾನೇ ಹೇಳೀನಿ," ಎಂದಳು. "ಇದರಾಗ ಅಂಚು ಎಲ್ಲೈತಿ?"

"ಅಂಚಿಲ್ಲವ್ವ."

"ಗಂಟು ಬಿಚ್ಚೀಯೇನು?"

"ಒಂದೂ ಬಿಚ್ಚಿಲ್ಲ."

"ಹಂಗಾದ್ರ ಆ ಸರ್‌ಗೆ ಮಗ್ಗ ಗೊತ್ತಿಲ್ಲ, ಮರಾನೂ ಗೊತ್ತಿಲ್ಲ," ಎಂದು ಲಾಳಿ ಎಳೆದಳು.

ಶನಿವಾರ ಚಿತ್ರದಲ್ಲಿ ಒಂದು ಗೆರೆಯನ್ನೂ ಬದಲಿಸದೆ, ನೂಲಿನ ಮರವನ್ನೂ ಹಿಡಿದುಕೊಂಡು ಗದ್ವಾಲ್‌ಗೆ ಹೋದೆ. ಅಟೆಂಡರ್ ಯಲ್ಲಯ್ಯ ಅದನ್ನು ಬಾಗಿಲ ಮೊಳೆಗೆ ತೂಗುಹಾಕಿಕೊಟ್ಟ.

"ಮತ್ತ ಅದನ್ನೇ ತಂದೀಯಲ್ಲ," ಎಂದರು ಸರ್. "ತಿದ್ದಾಕ ಹೇಳಿದ್ನೋ ಇಲ್ಲೋ?"

"ತಪ್ಪು ಗಂಟು ಯಾವುದು ತೋರಸ್ರಿ ಸರ್. ಇಲ್ಲೇ ಬಿಚ್ಚಿ ಕಟ್ತೀನಿ."

ಅವರು ಎದ್ದು ಬಂದು ಪೆನ್ನಿನ ತುದಿಯಿಂದ ಮೇಲಿನ ಕಡ್ಡಿ ತಳ್ಳಿದರು. ಮನುಷ್ಯ ಸರಿದು ಕೊನೆಗೆ ಹೋದ. "ನೋಡು, ಈಗ ಸರಿ ಆತು."

"ನೀವು ತಿರುಗಿಸೀರಿ ಅಷ್ಟೇರಿ, ಗಂಟು ಬಿಚ್ಚಿಲ್ಲ. ಈಗ ಸರಿ ಅಂದ್ರ ಆವಾಗೂ ಸರಿನೇ ಇತ್ತಲ್ರಿ."

ಫ್ಯಾನಿನ ಗಾಳಿಗೆ ಮೇಲಿನ ಕಡ್ಡಿ ನಿಧಾನ ತಿರುಗಿತು. ಮನುಷ್ಯ ಮತ್ತೆ ಮೀನುಗಳ ನಡುವೆ ಬಂದ. ಯಲ್ಲಯ್ಯ ಕೆಮ್ಮಿದಂತೆ ನಕ್ಕು ಹೊರಗೆ ಹೋದ. ಸರ್ ಅವರ ಮುಖ ಕೆಂಪಾಯಿತು. ಪುಸ್ತಕ ಎಳೆದುಕೊಂಡು ಕೆಂಪು ಶಾಯಿಯಲ್ಲಿ "ಕ್ರಮ ತಪ್ಪಿದೆ" ಎಂದು ಬರೆದು, ಇನ್ನು ಸಹಿ ಬೇಕಾದರೆ ಇದನ್ನು ಒಪ್ಪಿ ಕೆಳಗೆ ನಿನ್ನ ಹೆಸರು ಬರಿ ಎಂದರು.

ಪೆನ್ನು ತೆಗೆದೆ. ಮತ್ತೆ ಮುಚ್ಚಿದೆ.

"ಬರಿಯಂಗಿಲ್ರಿ. ನಾ ತಪ್ಪು ಮಾಡಿದಾಗ ಹನ್ನೆರಡು ಪುಟ ಹರಿದು ಹೊಸದು ಬರದೀನಿ. ಇದು ತಪ್ಪಲ್ಲ."

ವರ್ಷ ಹೋಗುತ್ತದೆ ಎಂದು ನೆನಪಿಸಿದರು. ಹೋಗಲಿ, ಬರುವ ವರ್ಷವೂ ಇದೇ ಮರ ತರುತ್ತೇನೆ ಎಂದೆ. ನಿಂತಲ್ಲಿಂದ ಕದಲಲಿಲ್ಲ. ಮೂರೂವರೆಯ ಮಕ್ತಲ್ ಬಸ್ಸು ಹೋಯಿತು. ಸರ್ ಬೇರೆಯವರ ಪುಸ್ತಕ ನೋಡುತ್ತ ನಡುನಡುವೆ ಮರದ ಕಡೆ ಕಣ್ಣು ಹಾಯಿಸುತ್ತಿದ್ದರು. ಕೊನೆಗೆ ಎದ್ದು, ಕಡ್ಡಿಯನ್ನು ಎರಡು ಸಲ ಆಚೀಚೆ ತಿರುಗಿಸಿ, ಬಾಯಲ್ಲೇ ಗಂಟುಗಳನ್ನು ಎಣಿಸಿದರು. ಪುಸ್ತಕ ತೆರೆದು ಕೆಂಪು ಸಾಲಿನ ಮೇಲೆ ಗೀಟು ಎಳೆದು ಸಹಿ ಹಾಕಿದರು. ಅಂಕ ನಲವತ್ತು, ಪಾಸಿಗೆ ಬೇಕಾದಷ್ಟೇ.

ಮುಂದಿನ ಬಸ್ಸಿನಲ್ಲಿ ಮರವನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಗಂಟುಗಳನ್ನು ತಡವಿದೆ. ಒಂದೂ ಸಡಿಲಾಗಿರಲಿಲ್ಲ. ಮನುಷ್ಯ ಎಲ್ಲಿದ್ದಾನೆ ಎಂದು ನೋಡಲಿಲ್ಲ.