ಅರ್ಧ ಮುದ್ದೆಯ ಮೇಷ್ಟ್ರು

ಜಂಗಮಕೋಟೆಯ ನಿವೃತ್ತ ಚರಿತ್ರೆ ಮೇಷ್ಟ್ರು ವೆಂಕಟರವಣಪ್ಪನವರು ಹೊಟ್ಟೆನೋವಿಗೆಂದು ಚಿಂತಾಮಣಿಗೆ ಹೋಗಿ ಬರೀ ಚಿಂತೆ ತಂದರು. ಔಷಧಿ ನಾಟಲಿಲ್ಲ. ಆಗ ನೆನಪಾದವನು ತರಗತಿಯಲ್ಲಿ ತಾವೇ ಕಥೆ ಹೇಳುತ್ತಿದ್ದ ವೆನಿಸ್ಸಿನ ಕೊರ್ನಾರೊ. ನಾಲ್ಕೈದು ಶತಮಾನದ ಹಿಂದಿನ ಆ ಶ್ರೀಮಂತ ನಲವತ್ತರೊಳಗೆ ತಿಂದು ಕುಡಿದು ಕೆಟ್ಟು, ಆಮೇಲೆ ತೂಗಿ ಉಂಡು, ಎಂಬತ್ತು ದಾಟಿದ ಮೇಲೂ ಕುದುರೆ ಏರುತ್ತಿದ್ದ. ನೆಂಟರ ಬಲವಂತಕ್ಕೆ ಒಮ್ಮೆ ಚೂರು ಹೆಚ್ಚು ತಿಂದು ಹಾಸಿಗೆ ಹಿಡಿದದ್ದೂ ಉಂಟು.

ಅಂದಿನಿಂದ ಮೇಷ್ಟ್ರಿಗೆ ಅರ್ಧ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ವರ್ಷದೊಳಗೆ ನೋವು ಹೋಯಿತು, ಹೊಟ್ಟೆಯೂ ಹೋಯಿತು. ಊರಿಗೆ ಕಂಡದ್ದು ಮಾತ್ರ ಜೋಲುವ ಅಂಗಿ.

"ಸೊಸೆ ಅನ್ನ ಹಾಕ್ತಿಲ್ಲ ಕಣಮ್ಮ," ಎಂದು ಎದುರು ಮನೆಯ ಅಕ್ಕಯ್ಯಮ್ಮ ಕೊಳಾಯಿ ಹತ್ತಿರ ರಾಗ ಎಳೆದಳು. ಸೊಸೆ ಲಕ್ಷ್ಮೀನರಸಮ್ಮ ನೀರಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಆ ಮೌನವೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಸುದ್ದಿ ಗೌರಿಬಿದನೂರು ಮುಟ್ಟಿ, ಮೇಷ್ಟ್ರ ಮಗಳು ಕೊಂಡಮ್ಮ ಕೋಳಿ ಸಾರಿನ ಕ್ಯಾರಿಯರ್ ಸಮೇತ ಬಂದಿಳಿದಳು.

"ನಮ್ಮಪ್ಪ ಇನ್ನೊಂದು ಮುದ್ದೆ ತಿಂದ್ರೆ ನಿಮ್ಮನೆ ಮುಳುಗ್ತದಾ?"

"ಬಡಿಸ್ತೀನಿ ಅಕ್ಕ. ಮಾವ ತಟ್ಟೆಗೆ ಕೈ ಅಡ್ಡ ಇಡ್ತಾರೆ. ಏನ್ ಮಾಡ್ಲಿ?"

"ನನ್ನ ವ್ರತ ಕಣಮ್ಮ ಅದು. ಕೊರ್ನಾರೊ ಅಂತ ಒಬ್ಬ..." ಮೇಷ್ಟ್ರು ಬಾಯಿ ಹಾಕಿದರು.

"ಕೊರ್ನಾರೋ ಒಣನಾರೋ. ಅವನ ಕಥೆ ಕೇಳಿ ನೀನೂ ನಾರಾಗಿದ್ದೀಯ. ನಡೀಯಪ್ಪ ನಮ್ಮನೆಗೆ."

ಲಕ್ಷ್ಮೀನರಸಮ್ಮ ಮಾವನ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದಳು. ಮಾವ ಹೋದರೆ ಊರಿನ ಮಾತಿಗೆ ಮೊಹರು ಬಿದ್ದಂತೆಯೇ. "ಹೋಗ್ಬೇಡಿ ಮಾವ," ಎಂದಳು.

"ಇದ್ರೂ ನಿನ್ನನ್ನೇ ಅಂತಾರಲ್ಲಮ್ಮ," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಬಸ್ಸು ನಿಲ್ಲುವಲ್ಲಿ ಆವಲಪ್ಪನ ಟೀ ಅಂಗಡಿ ತುಂಬಿತ್ತು. ಅಕ್ಕಯ್ಯಮ್ಮನೂ ಎಲೆಯಡಿಕೆಯ ನೆಪದಲ್ಲಿ ಬಂದಿದ್ದಳು. ಖಾಸಗಿ ಬಸ್ಸು ಬಂತು. ಎಂದಿನಂತೆ ನಿಲ್ಲುವ ಜಾಗ ಬಿಟ್ಟು ಹಿಪ್ಪುನೇರಳೆ ತೋಟದಾಚೆ ಹೋಗಿ ನಿಂತು, ಹೊರಡುತ್ತೇನೆಂದು ಹಾರನ್ ಹೊಡೆಯಿತು.

ಮೇಷ್ಟ್ರು ಮಗಳ ಚೀಲವನ್ನು ಹೆಗಲಿಗೇರಿಸಿ, ಪಂಚೆ ಎತ್ತಿ ಕಟ್ಟಿ ಓಡಿದರು. ಕೊಂಡಮ್ಮನೂ ಓಡಿದಳು, ಆಮೇಲೆ ನಡೆದಳು, ಆಮೇಲೆ ಮೈಲಿಗಲ್ಲಿನ ಮೇಲೆ ಕೂತಳು. ಮೇಷ್ಟ್ರು ಆಗಲೇ ಫುಟ್‌ಬೋರ್ಡಿನ ಮೇಲಿದ್ದರು.

"ಹತ್ತು ತಾತ, ರೈಟ್ ಹೇಳ್ತೀನಿ," ಎಂದ ಕಂಡಕ್ಟರು.

"ಸ್ವಲ್ಪ ತಾಳಪ್ಪ, ಹಿಂದೆ ಹೆಣ್ಣುಮಗು ಬರ್ತಾ ಇದೆ."

ಐವತ್ತರ ಮಗುವಿಗೆ ಮೇಲುಸಿರು. ಬಸ್ಸು ಕಾಯಲಿಲ್ಲ. ಮೇಷ್ಟ್ರು ಜಿಗಿದಿಳಿದು, ಏದುಸಿರಿಲ್ಲದೆ ಹಿಂದಿರುಗಿದರು.

"ಅನ್ನ ಇಲ್ದೆ ಸೊರಗಿದ ಮುದುಕ ನೋಡ್ರಪ್ಪ," ಎಂದ ಆವಲಪ್ಪ. ಬೆಂಚುಗಳೆಲ್ಲ ನಕ್ಕವು. ಕಳಿಸಿಕೊಡಲು ಬಂದಿದ್ದ ಲಕ್ಷ್ಮೀನರಸಮ್ಮ ಅಂಗಡಿಯಿಂದ ನೀರು ತಂದು ನಾದಿನಿಗೆ ಕುಡಿಸಿದಳು.

ಕೊಂಡಮ್ಮ ಉಸಿರು ಸಿಕ್ಕೊಡನೆ ಅಂಗಡಿಯತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮಪ್ಪ ಇಲ್ಲೇ ಇರ್ತಾನೆ. ಸೊಸೆ ಅಂದ್ರೆ ಇವಳು. ಇನ್ನೊಂದ್ ಮಾತು ಕಿವಿಗೆ ಬಿದ್ರೆ ಗೌರಿಬಿದನೂರಿಂದ ಬರೋದು ನಾನೇ."

ಅಕ್ಕಯ್ಯಮ್ಮ ಎಲೆಯಡಿಕೆಯ ಜೊತೆ ಮಾತನ್ನೂ ನುಂಗಿ ಮೆಲ್ಲಗೆ ಜಾರತೊಡಗಿದಳು. ಲಕ್ಷ್ಮೀನರಸಮ್ಮ ಸೆರಗು ಸಿಕ್ಕಿಸಿ ದಾರಿಗೆ ಅಡ್ಡ ನಿಂತಳು.

"ಅಕ್ಕಯ್ಯಮ್ಮೋರೆ, ನಿಮ್ಮ ಯಜಮಾನರು ಜಗಲಿಯಿಂದ ಏಳೋಕೂ ಇಬ್ರು ಬೇಕಂತಲ್ಲ. ನಾಳೆಯಿಂದ ನಮ್ಮನೇಗೇ ಊಟಕ್ಕೆ ಕಳ್ಸಿ."