ಸಿದ್ದಮಲ್ಲಪ್ಪನವರ ಎರಡನೆಯ ಸಾವು

ಹುಳು ಓಡುತ್ತಿದೆ, ಬೆಳ್ಳಿಯ ಚೂರಿನಂಥ ಸಣ್ಣ ಹುಳು, ಹಾಳೆಯ ಅಂಚಿನಿಂದ ಹೊರಟು ಸಂತೆಯ ಧಾರಣೆ ದಾಟಿ, ದನಗಳ ಕಾಲುಬಾಯಿ ಜ್ವರದ ಸುದ್ದಿ ದಾಟಿ, ಕೊನೆಯ ಕಾಲಮ್ಮಿನ ಕಪ್ಪು ಗೆರೆಯ ಚೌಕದೊಳಗೆ ನುಗ್ಗಿ ಯಾರದೋ ಹೆಸರಿನ ಮೇಲೆ ನಿಂತಿತು — ಪಿರಿಯಾಪಟ್ಟಣದ ಯಾರೋ, ನಮ್ಮವರಲ್ಲ, ಮುಂದಿನ ಹಾಳೆ. ತಿರುವಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ, ಮೆಲ್ಲಗೆ ತಾಯಿ, ನಮ್ಮಪ್ಪನ ಕಾಲದವು, ಎಂದು ವೀರಭದ್ರಸ್ವಾಮಿ ಆಚೆಯಿಂದ ಕೂಗುತ್ತಾರೆ, ಅಚ್ಚಿನ ಮೊಳೆ ಜೋಡಿಸುವ ಕೈ ನಿಲ್ಲಿಸದೆ. ಹುಣಸೂರಿನ ಈ ಪ್ರೆಸ್ಸು ಅವರದು, ವಾರಕ್ಕೊಮ್ಮೆ ಬರುವ ಈ ಪತ್ರಿಕೆಯೂ ಅವರದು, ಕೃಷ್ಣರಾಜನಗರದಿಂದ ಹೆಗ್ಗಡದೇವನಕೋಟೆಯವರೆಗೆ ಯಾರು ತೀರಿಕೊಂಡರೂ ಇದರ ಕೊನೆಯ ಪುಟಕ್ಕೆ ಬಂದೇ ಬರುತ್ತಾರೆ, ಶ್ರಾವಣದಲ್ಲಿ ನನ್ನ ಗಂಡನೂ ಬಂದರು. ನಾನು ಅದನ್ನು ಓದಿಲ್ಲ. ಮಾವ ಅಂಗಳದಲ್ಲಿ ನಿಂತು ಓದಿದರು, ಅಲ್ಲೇ ಹರಿದರು, ಸಾವಿನ ಕಾಗದ ಹೊಸಿಲು ದಾಟಬಾರದು, ನಮ್ಮಲ್ಲಿ ಹಾಗೆ, ಅದಕ್ಕೇ ಹನಗೋಡಿನ ಮನೆಯಲ್ಲಿ ಹಳೆಯದೊಂದೂ ಇಲ್ಲ, ಅದಕ್ಕೇ ಇಲ್ಲಿ ಕೂತಿದ್ದೇನೆ, ಒಂದೇ ಒಂದು ಹೆಸರನ್ನು ಹುಡುಕಿಕೊಂಡು.

ಸಿದ್ದಮಲ್ಲಪ್ಪ. ಮಾವನ ಅಪ್ಪ, ಇವರ ಅಜ್ಜ. ನಮ್ಮಜ್ಜ ಒಂದು ಸಲ ಸತ್ತಿದ್ದ ಗೊತ್ತಾ ನಿನಗೆ, ಎಂದಿದ್ದರು ಇವರು, ಮದುವೆಯಾದ ಹೊಸತು, ಮೈಸೂರಿನಿಂದ ಬರುವ ಬಸ್ಸು, ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು — ಕಾಕನಕೋಟೆಗೆ ಮರ ತರಲು ಗಾಡಿ ಕಟ್ಟಿಕೊಂಡು ಹೋದ, ಗಾಡಿಗಳು ಬಂದವು, ಅಜ್ಜ ಬರಲಿಲ್ಲ, ಹುಡುಕಿದರು, ಸಿಕ್ಕಲಿಲ್ಲ, ಪೇಪರಿನಲ್ಲಿ ಹಾಕಿಸಿದರು, ಆಮೇಲೊಂದು ದಿನ ಎದೆಯವರೆಗೆ ಗಡ್ಡ ಬಿಟ್ಟುಕೊಂಡು ನಡೆದೇ ಬಂದ, ತನ್ನ ಸಾವಿನ ಸುದ್ದಿಯನ್ನು ಓದಿಸಿ ಕೇಳಿ, ಇಷ್ಟೊಂದು ಒಳ್ಳೆಯವನಾ ನಾನು ಅಂದನಂತೆ. ಪೇಪರಿನಲ್ಲಿ ಸತ್ತವನಿಗೆ ಆಯಸ್ಸು ಜಾಸ್ತಿ, ನಾನು ಹುಟ್ಟುವ ಹೊತ್ತಿಗೆ ಹೋದನಂತೆ, ನೆಮ್ಮದಿಯಾಗಿ, ಹಾಸಿಗೆಯಲ್ಲಿ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು, ಆಧಾರ ಎಲ್ಲಿ ಎಂದೆ. ಅಜ್ಜಿಯೇ ಆಧಾರ, ಎಂದು ನಕ್ಕರು. ತಾಯಿಯಿಲ್ಲದ ಮಗುವನ್ನು ಸಾಕಿದವಳು ಆ ಅಜ್ಜಿ ಶಿವನಂಜಮ್ಮ, ರಾತ್ರಿ ತಟ್ಟಿ ಮಲಗಿಸುವಾಗ ಈ ಕಥೆಯನ್ನೇ ಹೇಳುತ್ತಿದ್ದಳಂತೆ. ಆ ನಗು ಇನ್ನೂ ಇದೆ, ಕೆಳಗಿನ ಹಲ್ಲೊಂದು ಸ್ವಲ್ಪ ಒಳಕ್ಕೆ, ಆಷಾಢದಲ್ಲಿ ಅದೇ ನಗು ನಕ್ಕು, ಶಾಲೆ ಬಾಗಿಲು ತೆಗೆಯೋರು ಯಾರು ನಾನು ಹೋಗದಿದ್ದರೆ, ಎಂದು ಹೊರಟರು, ಶಾಲೆ ಕಬಿನಿಯಾಚೆ, ಹೊಳೆ ತುಂಬಿತ್ತು, ಹರಿಗೋಲು ಮಗುಚಿತು, ಮಿಕ್ಕವರನ್ನೆಲ್ಲ ಎಳೆದು ಹಾಕ್ದೆ ಕಣ್ರವ್ವ, ಮೇಷ್ಟ್ರು ಕೈಗೆ ಸಿಕ್ನಿಲ್ಲ, ಎಂದು ಹರಿಗೋಲಿನ ಚಿಕ್ಕಮಾದಯ್ಯ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅತ್ತ. ನಾನು ಅಳಲಿಲ್ಲ. ಸಿಕ್ಕಲಿಲ್ಲ ಎಂದರೆ ಸಿಕ್ಕಲಿಲ್ಲ ಎಂದಷ್ಟೇ. ಒಂದು ಚಪ್ಪಲಿಯೂ ಸಿಕ್ಕಿಲ್ಲ. ಆಚೆ ದಡ ಹತ್ತಿರಬಹುದು, ಆಚೆ ದಡವೆಲ್ಲ ಕಾಡು, ದಾರಿ ತಪ್ಪಿ ವೈನಾಡಿನ ಕಡೆ ನಡೆದಿರಬಹುದು, ಜ್ವರ ಬಂದು ಯಾರದೋ ಗುಡಿಸಿಲಿನಲ್ಲಿ — ಈಗ ಕಾರ್ತಿಕ. ಬರುವ ಸೋಮವಾರ ಸ್ವಾಮಿಗಳನ್ನು ಕರೆಸಿ ಕಾರ್ಯ ಮುಗಿಸಬೇಕೆನ್ನುತ್ತಾರೆ ನಂಟರು, ನನ್ನ ಕಾಲುಂಗುರ ತೆಗೆಸಬೇಕೆನ್ನುತ್ತಾರೆ. ಅಜ್ಜ ಬಂದದ್ದು ನಿಜವಾದರೆ ಇವರೂ ಬರಬಹುದಲ್ಲ, ಆ ಪೇಪರು ನೋಡಿ ಬರುತ್ತೇನೆ, ಅಲ್ಲಿಯವರೆಗೆ ಕಾಯಿರಿ, ಎಂದೆ ಮಾವನಿಗೆ. ಮಾವ ತಂಗಿಯ ಮುಖ ನೋಡಿದರು. ನೋಡ್ಕಂಡ್ ಬರ್ಲಿ ಬುಡು, ನೀನೂ ಜೊತೇಲಿ ಹೋಗು ಪುಟ್ಟಿ, ಎಂದರು, ಅಷ್ಟೇ.

ಪುಟ್ಟಿ ಎಂದರೆ ಪುಟ್ಟಮಲ್ಲಮ್ಮ, ಸಿದ್ದಮಲ್ಲಪ್ಪನವರ ಮಗಳು, ತಲೆ ನರೆತರೂ ಅಣ್ಣನಿಗೆ ಪುಟ್ಟಿಯೇ. ಬಸ್ಸಿನಲ್ಲಿ ಕೇಳಿದ್ದೆ, ಅತ್ತೆಮ್ಮ, ನಿಮ್ಮಪ್ಪ ತಿರುಗಿ ಬಂದದ್ದು ನಿಮಗೆ ನೆನಪಿದೆಯಾ. ನಾನಾಗ ಇಷ್ಟುದ್ದ ಇದ್ದೆ ಕಣ್ ಮಗ, ಎಂದು ಕೈ ತೋರಿಸಿ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ ನೋಡತೊಡಗಿದರು. ಈಗ ಪ್ರೆಸ್ಸಿನ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ, ಏನ್ ಪುಟ್ಟಮಲ್ಲಮ್ನೋರೆ, ಅನಗೋಡಲ್ಲಿ ಎಲೆ ಸಿಕ್ಕಲ್ವಾ, ಎಂದು ವೀರಭದ್ರಸ್ವಾಮಿ ಕೆಣಕುತ್ತಾರೆ, ನಿನ್ ಪೇಪರ್ ಓದಿಸ್ಕಳದಕ್ಕಿಂತ ಎಲೆ ಅಗಿಯೋದೇ ವಾಸಿ ಬುಡಪ್ಪ, ಬಾಯಾದ್ರೂ ಕೆಂಪಾಯ್ತದೆ, ಬರೀ ಸತ್ತೋರ್ ಸುದ್ದಿ ನಿಂದು, ಎನ್ನುತ್ತಾರೆ ಅತ್ತೆಮ್ಮ. ಬದುಕಿರೋರ್ ಬಗ್ಗೆ ಬರುದ್ರೆ ಜಗಳಕ್ಕೆ ಬತ್ತಾರೆ ಕಣ್ರವ್ವ, ಸತ್ತೋರು ಬರಲ್ಲ — ಮೊಳೆ ಜೋಡಿಸುವ ಸದ್ದು ತಟ್ಟನೆ ನಿಂತಿತು, ನಾನು ತಲೆ ಎತ್ತಲಿಲ್ಲ, ಅವರಿಗೆ ನೆನಪಾಗಿರಬೇಕು ನಾನು ಯಾರೆಂದು, ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು, ಹಾಳೆ, ಹಾಳೆ, ಯಾರೋ ಪಟೇಲರು, ಯಾರೋ ಶ್ಯಾನುಭೋಗರು, ಕಪ್ಪು ಚೌಕ, ಮತ್ತೆ ಹಾಳೆ, ಮತ್ತೆ ಅಲ್ಲಿ, ಅಲ್ಲಿ. ಹನಗೋಡಿನ ದಾನಶೀಲರಾದ ಶ್ರೀ ಸಿದ್ದಮಲ್ಲಪ್ಪನವರು ಕಾಕನಕೋಟೆಯ ಕಾಡಿನಲ್ಲಿ ಶಿವೈಕ್ಯರಾದರೆಂದು ತಿಳಿಸಲು ವಿಷಾದಪಡುತ್ತೇವೆ. ವಿಷಾದಪಡುತ್ತೇವೆ ಎನ್ನುವುದನ್ನು ಓದಿ ಹೀಗೆ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು, ಅರ್ಧ ನಿಜವಾಯಿತು, ಇನ್ನರ್ಧ, ತಪ್ಪಾಯಿತು ಎಂಬ ಒಂದು ಸಾಲು, ಮುಂದಿನ ವಾರ, ಅದರ ಮುಂದಿನ ತಿಂಗಳು, ಇಲ್ಲ, ಎಲ್ಲೂ ಇಲ್ಲ. ತಪ್ಪೊಪ್ಪಿಕೊಳ್ಳೋ ಪದ್ಧತಿ ನಮ್ಮಪ್ಪಂಗಿರ್ಲಿಲ್ಲ ತಾಯಿ, ಎಂದರು ವೀರಭದ್ರಸ್ವಾಮಿ. ಹಾಗಾದರೆ ಎರಡನೆಯ ಸಾವು ಸಿಕ್ಕಬೇಕು, ತಿರುಗಿ ಬಂದ ಅಜ್ಜ ಇವರು ಹುಟ್ಟುವ ಹೊತ್ತಿಗೆ ಹೋದರಲ್ಲ, ಹೋದದ್ದು ಈ ಪುಟದಲ್ಲಿ ಬಂದಿರಬೇಕಲ್ಲ.

ಮರು ವರ್ಷ ಅವರ ತಮ್ಮ ತೀರಿಕೊಂಡಿದ್ದಾರೆ, ದಿವಂಗತ ಸಿದ್ದಮಲ್ಲಪ್ಪನವರ ಸಹೋದರ ಎಂದಿದೆ, ಇರಲಿ, ತಿದ್ದಿಕೊಳ್ಳದ ಪತ್ರಿಕೆ ಒಮ್ಮೆ ದಿವಂಗತ ಎಂದರೆ ಹಾಗೇ ಎನ್ನುತ್ತದೆ, ಅದು ಆಧಾರವಲ್ಲ. ಕಟ್ಟು ಬಿಚ್ಚು, ಇನ್ನೊಂದು ಕಟ್ಟು. ಇವರು ಹುಟ್ಟಿದ ವರ್ಷ — ನಂಜಣ್ಣನವರ ಧರ್ಮಪತ್ನಿ, ಎಳೆಯ ಗಂಡುಶಿಶುವನ್ನು ಅಗಲಿ, ನಂಜಣ್ಣ ಎಂದರೆ ಮಾವ, ನಾನು ಕಾಣದ ಅತ್ತೆಯ ಹೆಸರು ಹಾಕಿಲ್ಲ, ಧರ್ಮಪತ್ನಿ, ಅಷ್ಟೇ, ನನ್ನದೂ ಒಂದು ದಿನ ಹೀಗೇ, ಆದರೆ ಆ ಗಂಡುಶಿಶು ಇವರು, ಇವರು ಮೊದಲ ಸಲ ಅಚ್ಚಿನಲ್ಲಿ ಬಂದದ್ದೂ ಈ ಕೊನೆಯ ಪುಟದಲ್ಲೇ, ಬೆರಳಿಟ್ಟೆ, ಮಸಿ ಒಣಗಿ ಎಷ್ಟು ಕಾಲವಾಯಿತು, ಆದರೂ ಬೆರಳು ಮೆಲ್ಲಗಿಟ್ಟೆ. ಅಜ್ಜ ಎಲ್ಲೂ ಇಲ್ಲ. ಅದರ ಹಿಂದೆ ಇಲ್ಲ, ಮುಂದೆ ಇಲ್ಲ. ಕೊನೆಗೆ ಅಜ್ಜಿಯೇ ಬಂದಳು, ಯುದ್ಧದ ಕಾಲದ ತೆಳ್ಳನೆ ಹಾಳೆ, ಶ್ರೀಮತಿ ಶಿವನಂಜಮ್ಮನವರು, ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡು, ಇಬ್ಬರು ಪುಟ್ಟ ಮಕ್ಕಳನ್ನು ಕಷ್ಟದಿಂದ ಸಲಹಿ — ಎಳೆಯ ವಯಸ್ಸಿನಲ್ಲೇ. ಕೊಟ್ಟವರು ಮಗ ನಂಜಣ್ಣ. ಮಾವ. ಮಾವನಿಗೆ ಗೊತ್ತಿತ್ತು. ನೋಡ್ಕಂಡ್ ಬರ್ಲಿ ಬುಡು. ಇವರಿಗೂ ಗೊತ್ತಿತ್ತೇ, ಬಸ್ಸಿನಲ್ಲಿ, ಧೂಳಿನಲ್ಲಿ, ನನ್ನನ್ನು ನಗಿಸಲಷ್ಟೇ ಹೇಳಿದರೇ, ಕೇಳೋಣವೆಂದರೆ —

ಅತ್ತೆಮ್ಮ ಪಕ್ಕಕ್ಕೆ ಬಂದು ಕೂತಿದ್ದಾರೆ, ಯಾವಾಗ ಬಂದರೋ, ಓದಲು ಬಾರದು ಅವರಿಗೆ, ನನ್ನ ಬೆರಳು ನಿಂತ ಜಾಗ ನೋಡುತ್ತಿದ್ದಾರೆ. ಸಿಕ್ತಾ ಮಗ. ಸಿಕ್ಕಿತು ಎಂದೆ. ನಿಮ್ಮಪ್ಪ ಬರಲಿಲ್ಲ, ಅಲ್ವಾ ಅತ್ತೆಮ್ಮ. ಬರ್ನಿಲ್ಲ ಕಣವ್ವ. ಎಲೆಯ ರಸ ಆಚೆ ಉಗಿದು ಬಂದು ಕೂತರು, ನನ್ನ ಮುಖ ನೋಡದೆ ಹೇಳಿದರು, ನಮ್ಮವ್ವ ದಿನಾ ಮುಸ್ಸಂಜೆ ಬಾಗ್ಲ ಮುಂದ್ಲ ಕಲ್ ಮ್ಯಾಲೆ ಚೊಂಬಲ್ಲಿ ನೀರ್ ಮಡಗೋಳು, ಬಂದ್ರೆ ಕಾಲ್ ತೊಳ್ಕಳ್ಳಿ ಅಂತ, ಬೆಳಗೆದ್ದು ನೀರು ಅಂಗೇ ಅದೆ ಅಂತ ನೋಡಿ ಒಲೆ ಮುಂದೆ ಸುಮ್ನೆ ಕೂತ್ಕಳೋಳು, ಅಳ್ತಿರ್ನಿಲ್ಲ, ಅಂಬ್ಲಿ ತಳ ಹಿಡುದ್ರೂ ಗೊತ್ತಾಯ್ತಿರ್ನಿಲ್ಲ, ನಂಗೆ ನೋಡಕ್ಕಾಗ್ನಿಲ್ಲ ಕಣ್ ಮಗ, ಒಂದಿನ ಅವ್ವ ಏಳಕ್ ಮುಂಚೆ ಎದ್ದು ಆ ನೀರ್ನ ಕಲ್ ಮ್ಯಾಲೆ ಸುರ್ದುಬುಟ್ಟೆ. ಅವತ್ತು ಅವ್ವ ರೊಟ್ಟಿ ತಟ್ಟುದ್ಲು. ನಿಮ್ಮಪ್ಪ ಬಂದಿದ್ರು ಕಣೇ, ಹೊತ್ ಮುಂಚೆ ಎದ್ದು ಹೊಲದ ಕಡೆ ಹೋದ್ರು, ಅಂದ್ಲು. ಅಲ್ಲಿಂದಾಚೆಗೆ ದಿನಾ ನಾನು ಸುರಿಯೋದು, ದಿನಾ ಅವಳು ರೊಟ್ಟಿ ತಟ್ಟೋದು.

ನಂಬಿದ್ದರಾ, ಎಂದೆ, ಅಷ್ಟು ವರ್ಷ, ಅಜ್ಜಿ ನಿಜವಾಗಿಯೂ ನಂಬಿದ್ದರಾ ಅತ್ತೆಮ್ಮ. ಅವರು ಸೆರಗಿನಿಂದ ತುಟಿ ಒರೆಸಿಕೊಂಡರು. ನಂಗೊಂದ್ ಸಲ ಚಳಿಜ್ವರ ಬಂತು, ಮೇಲೇಳಕ್ಕಾಗ್ನಿಲ್ಲ, ಅಯ್ಯೋ ಇವತ್ತು ನೀರು ಸುರಿಯೋರಿಲ್ವಲ್ಲ, ಅವ್ವ ಇವತ್ತು ಸತ್ತೇ ಓಯ್ತಾಳೆ ಅನ್ಕಂಡು ಕಂಬಳಿ ಒಳಗಿಂದ ಬಾಗ್ಲಾಚೆ ನೋಡ್ತೀನಿ — ಕಲ್ಲು ನೆಂದದೆ. ಅಪ್ಪ ನಿಜ್ವಾಗ್ಲೂ ಬಂದವ್ರೆ ಅನ್ಕಂಡೆ ಕಣ್ ಮಗ, ಜ್ವರದಲ್ಲೇ ನಾನು ನಗ್ತಿದ್ನಂತೆ, ಅವ್ವ ನನ್ನೇ ನೋಡ್ತಾ ನಿಂತಿದ್ಲು. ಆಮೇಲೆ ಗೊತ್ತಾಯ್ತು ಬುಡು, ದೊಡ್ಡೋಳಾದ್ ಮ್ಯಾಲೆ. ಮೊಳೆಯ ಕೆಲಸ ಮುಗಿಸಿ ವೀರಭದ್ರಸ್ವಾಮಿ ಕಟ್ಟುಗಳಿಗೆ ದಾರ ಸುತ್ತುತ್ತಿದ್ದಾರೆ, ಸೋಮವಾರದ್ದು ಅಣ್ಣಂಗೆ ಏನ್ ಹೇಳ್ಲಿ ಮಗ, ಎಂದರು ಅತ್ತೆಮ್ಮ, ಆಗಲಿ ಎಂದೆ, ನನ್ನ ಧ್ವನಿಯೇ, ಸ್ಪಷ್ಟವಾಗಿ, ಆಗಲಿ, ಬಸ್ಸಿಗೆ ಹೊತ್ತಾಯಿತು ಏಳಬೇಕು, ಏಳಲಾಗುತ್ತಿಲ್ಲ, ಬೆಳಕು ಹರಿಯುವ ಮುಂಚೆ ಒಬ್ಬಳು ಹೆಂಗಸು ಎದ್ದು ತಾನೇ ಇಟ್ಟ ನೀರನ್ನು ತಾನೇ ಸುರಿಯುತ್ತಿದ್ದಾಳೆ, ಸದ್ದಾಗದ ಹಾಗೆ, ಚೊಂಬನ್ನು ಬಾಗಿಸಿ, ಒಳಗೆ ಮಲಗಿದ ಮಗುವಿಗಾಗಿ, ನನ್ನ ಮನೆಯಲ್ಲಿ ಸುರಿಯುವ ಮಗುವಿಲ್ಲ, ನಾನು ಸುರಿದರೆ ನೋಡುವ ಮಗುವಿಲ್ಲ, ಕಲ್ಲು ನೆಂದಿದೆ, ಹೆಜ್ಜೆ ಒಂದೂ ಇಲ್ಲ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಕಲ್ಲು ನೆಂದಿದೆ, ಬಿಸಿಲು ಬರುವವರೆಗೆ ನೆಂದೇ ಇರುತ್ತದೆ, ನೆಂದ ಕಲ್ಲು, ಕಲ್ಲು —