ಮೂರು ನಿಮಿಷದ ಸದಸ್ಯ

ರಾಜ್ಯಸಭೆಯಲ್ಲಿ ಮಾತಿನ ಸಮಯ ಹಂಚುವುದು ಪಕ್ಷದ ಬಲಾಬಲ ನೋಡಿ. ನಾಗಸೇನನ ಪಕ್ಷಕ್ಕೆ ಅಲ್ಲಿದ್ದವನು ಅವನೊಬ್ಬನೇ. ದೊಡ್ಡ ಪಕ್ಷದವರೆಲ್ಲ ಮಾತಾಡಿ ಮುಗಿಸಿ, ಅರ್ಧ ಆಸನಗಳು ಖಾಲಿಯಾದ ಮೇಲೆ ಅವನ ಸರದಿ. ಮೂರು ನಿಮಿಷ. ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಮುಖ್ಯ ಮಾತಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಬೀದರದಲ್ಲಿ ವಕೀಲನಾಗಿದ್ದವನು ದಿಲ್ಲಿಗೆ ಹೋದದ್ದೇ ಆಕಸ್ಮಿಕ. ಕೊನೆಯ ಒಂದು ಸ್ಥಾನ ಗೆಲ್ಲುವಷ್ಟು ಶಾಸಕರು ಯಾವ ದೊಡ್ಡ ಪಕ್ಷದಲ್ಲೂ ಉಳಿದಿರಲಿಲ್ಲ. ಎದುರಾಳಿಗೆ ಹೋಗುವುದಕ್ಕಿಂತ ಇವನಿಗೇ ಹೋಗಲಿ ಎಂದು ಒಂದು ಪಕ್ಷ ತನ್ನ ಹೆಚ್ಚುವರಿ ಮತಗಳನ್ನು ಇವನ ಕಡೆ ತಿರುಗಿಸಿತು.

ಅವನ ತಮ್ಮ ಗೌರವ ಸತ್ತದ್ದೂ ಅದೇ ವರ್ಷ. ಬೀದರದ ಹತ್ತಿರ ಕೊಳಾರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿ ಹೊಲಸು ನೀರಿನ ಟಾಕಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಅಂಥ ಹೆಸರಿನ ಕೆಲಸಗಾರನೇ ನಮ್ಮಲ್ಲಿ ಇರಲಿಲ್ಲ ಎಂದುಬಿಟ್ಟರು ಕಾರ್ಖಾನೆಯವರು.

ದಿಲ್ಲಿಗೆ ಹೊರಟ ಮಗನ ಕೈ ಹಿಡಿದುಕೊಂಡು ಠಾಣಾ ಕುಶನೂರಿನ ಮನೆಯಲ್ಲಿ ತಾಯಿ ಮೀರಾಬಾಯಿ ಕೇಳಿದ್ದು ಒಂದೇ ಮಾತು. “ಅಂಥವ ಇರಲೇ ಇಲ್ಲ ಅಂದ್ರಲ್ಲೋ. ನೀ ಆ ದೊಡ್ಡ ಮನ್ಯಾಗ ನಿಂತು ಅವನ ಹೆಸರ ಹೇಳು. ಅಲ್ಲಿ ಅಂದದ್ದು ಅಳಸೂದಿಲ್ಲಂತ.”

“ಹೇಳ್ತೇನಿ ಅವ್ವಾ.”

ಹೇಳಲು ಎಷ್ಟೋ ಸಲ ನೋಡಿದ. ವಿಷಯಕ್ಕೆ ಬನ್ನಿ ಎಂದು ಪೀಠದಿಂದ ಸೂಚನೆ ಬರುತ್ತಿತ್ತು, ಇಲ್ಲವೇ ಮೈಕು ಬಂದಾಗುತ್ತಿತ್ತು. ಹೀಗೆಯೇ ಐದು ವರ್ಷ ಕಳೆಯಿತು.

ಅವಧಿಯ ಕೊನೆಯಲ್ಲಿ ಕಾರ್ಮಿಕರ ಸುರಕ್ಷತೆಯ ಮಸೂದೆಯೇ ಬಂತು. ಆಡಳಿತ ಪಕ್ಷಕ್ಕೆ ಮೇಲ್ಮನೆಯಲ್ಲಿ ಬಹುಮತಕ್ಕೆ ನಾಲ್ಕೈದು ಮತ ಕಡಿಮೆ ಬೀಳುತ್ತಿತ್ತು. ಅಲ್ಲಿಯವರೆಗೆ ಕಾರಿಡಾರಿನಲ್ಲಿ ಅವನ ಮುಖವನ್ನೂ ನೋಡದ ಆ ಪಕ್ಷದ ಹಿರಿಯರೊಬ್ಬರು ಅವನ ಕೋಣೆಗೇ ಬಂದು ಕುಳಿತರು. ಏನು ಬೇಕು ಎಂದು ಕೇಳಿದರು. ಚರ್ಚೆಯಲ್ಲಿ ಹತ್ತು ನಿಮಿಷ ಬೇಕು ಎಂದ ನಾಗಸೇನ. ಅವರು ನಕ್ಕು, ಅಷ್ಟೇನಾ ಎಂದರು. ಮಸೂದೆಯಲ್ಲಿ ಗುತ್ತಿಗೆ ಕೂಲಿಗಳ ರಕ್ಷಣೆಗೆ ಗಟ್ಟಿಯಾದದ್ದೇನೂ ಇರಲಿಲ್ಲ. ಅದು ಗೊತ್ತಿದ್ದೂ ಅವನು ಮತ ಕೊಡಲು ಒಪ್ಪಿಕೊಂಡ.

ಊರಿಗೆ ಫೋನು ಮಾಡಿದಾಗ ಎತ್ತಿದವಳು ಗೌರವನ ಹೆಂಡತಿ ಉಜ್ವಲಾ.

“ನಾಳೆ ಟೀವಿ ಹಚ್ಚಿ ಕೂಡ್ರಿ. ಗೌರವನ ಬಗ್ಗೆ ಮಾತಾಡ್ತೇನಿ.”

“ಅತ್ತಿಯವರಿಗಿ ಹಚ್ಚಿ ಕೊಡ್ತೇನ್ರಿ ಭಾವ. ನನಗ ಕೇಳೂದ ಆಗಲ್ಲ,” ಎಂದಳು ಅವಳು.

ಮರುದಿನ ಬೇರೆ ಯಾವುದೋ ವಿಷಯಕ್ಕೆ ವಿರೋಧ ಪಕ್ಷದವರು ಬೆಳಿಗ್ಗೆಯಿಂದಲೇ ಸದನದ ಅಂಗಳಕ್ಕೆ ಇಳಿದಿದ್ದರು. ಆ ಗದ್ದಲದಲ್ಲೇ ನಾಗಸೇನನ ಹೆಸರು ಕರೆದರು. ಅವನು ಎದ್ದು ಓದತೊಡಗಿದ. ಹೆಡ್‌ಫೋನು ಹಾಕಿಕೊಂಡಿದ್ದ ಪಕ್ಕದವನು ಅವನ ಕಡೆ ನೋಡಿ, ಮೈಕು ಬಂದಾಗಿದೆ, ಏನೂ ಕೇಳುತ್ತಿಲ್ಲ ಎಂದು ಕೈಯಾಡಿಸಿದ. ನಾಗಸೇನ ಕೂಗಿ ಹೇಳಿದ. ತಮ್ಮನ ಹೆಸರನ್ನು ಮತ್ತೆ ಮತ್ತೆ ಕೂಗಿದ. ಅಷ್ಟರಲ್ಲಿ ಮಸೂದೆಯನ್ನು ಧ್ವನಿಮತಕ್ಕೆ ಹಾಕಿ ಅಂಗೀಕಾರವಾಯಿತು ಎಂದು ಘೋಷಿಸಿದರು. ಮತಗಳನ್ನು ಎಣಿಸಲೇ ಇಲ್ಲ. ಅವನ ಮತವೂ ಯಾರಿಗೂ ಬೇಕಾಗಲಿಲ್ಲ. ಮುಂದಿನ ಅಧಿವೇಶನದಲ್ಲಿ ನೋಡೋಣ ಎಂದು ಆ ಹಿರಿಯರು ಬೆನ್ನು ತಟ್ಟಿ ಹೋದರು.

ಮುಂದಿನ ಅಧಿವೇಶನಕ್ಕೆ ಅವನಿರಲಿಲ್ಲ. ಅಷ್ಟರಲ್ಲಿ ನಡೆದ ವಿಧಾನಸಭೆ ಚುನಾವಣೆಯಲ್ಲಿ ಅವನ ಪಕ್ಷ ಕೊಚ್ಚಿಹೋಗಿತ್ತು. ಅವಧಿ ಮುಗಿದಾಗ ತೆರವಾದ ಸ್ಥಾನ ಗೆದ್ದ ಪಕ್ಷದ ಪಾಲಾಯಿತು. ಭಾಲ್ಕಿಯ ಅಮಿತಕುಮಾರ ಹೊಸ ಸದಸ್ಯನಾದ.

ಊರಿಗೆ ಬಂದ ಮಗನನ್ನು ಮೀರಾಬಾಯಿ ಎದುರಿಗೆ ಕೂಡಿಸಿಕೊಂಡಳು. “ಟೀವ್ಯಾಗ ನಿನ್ನ ಬಾಯಿ ಆಡ್ಲತ್ತಿತ್ತು. ದನಿ ಬರಲಿಲ್ಲ. ಅವನ ಹೆಸರ ಅಂದ್ಯೇನು?”

“ಅಂದೆ ಅವ್ವಾ. ಯಾರಿಗೂ ಕೇಳಲಿಲ್ಲ, ಯಾರೂ ಬರಕೊಳ್ಳಲೂ ಇಲ್ಲ.”

“ಮತ್ತ ಹೋಗೂದಿಲ್ಲೇನು?”

“ಇಲ್ಲ. ಈಗ ಅಲ್ಲಿ ಬ್ಯಾರೇದವರು.”

“ಹಂಗಾದ್ರ ಅವರಿಗರೆ ಹೇಳಿ ಬಾ,” ಎಂದಳು ಆಕೆ, ಪಕ್ಕದ ಮನೆಗೆ ಹೋಗಿ ಬಾ ಎಂದಷ್ಟು ಸಹಜವಾಗಿ.

ಅದಕ್ಕೇ ಅವನು ಭಾಲ್ಕಿಗೆ ಹೋದ. ಅಮಿತಕುಮಾರನ ಮನೆಯ ಮುಂದೆ ಬಾಜಾಬಜಂತ್ರಿ, ಹಾರ ಹಿಡಿದ ಜನ. ಸರದಿಯಲ್ಲಿ ನಿಂತು ಹತ್ತಿರ ಹೋದ ನಾಗಸೇನ ಅವನ ಕಿವಿಗೆ ಬಾಗಿ, “ಗೌರವನ ಸಲುವಾಗಿ ಬಂದೇನ್ರಿ,” ಎಂದ.

ಬಾಜಾದ ಸದ್ದಿನಲ್ಲಿ ಅಮಿತಕುಮಾರನಿಗೆ ಅರ್ಧ ಕೇಳಿಸಿತು. “ಅಯ್ಯ, ನಿಮಗ ಗೌರವ ಮಾಡದ ಬಿಡ್ತೀವೇನ್ರಿ ವಕೀಲಸಾಬ! ಏ, ಶಾಲು ತಾ ಇಲ್ಲಿ!”

“ಅದಲ್ಲರಿ, ಗೌರವ ಅಂದ್ರ ನನ್ನ ತಮ್ಮ...”

ಶಾಲು ಹೆಗಲಿಗೆ ಬಿತ್ತು. ಫೋಟೊ ಹೊಡೆದರು. ಹಿಂದಿನವರು ತಳ್ಳಿದರು, ಅವನು ಬಾಗಿಲಾಚೆ ಬಂದಿದ್ದ. ಸುಮ್ಮನೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಕಲ್ಲುಕಟ್ಟೆಯ ಮೇಲೆ ಕುಳಿತ. ಶಾಲು ತೆಗೆಯುವುದೂ ಅವನಿಗೆ ತೋಚಲಿಲ್ಲ. ಉಜ್ವಲಾಳ ಫೋನು ಬಂತು.

“ಅತ್ತಿ ಕೇಳ್ಲತ್ತಾರ್ರಿ, ಕೆಲಸ ಆಯ್ತೇನಂತ.”

“ಏನ್ ಹೇಳ್ಲಿ ಉಜ್ವಲಾ? ಅಲ್ಲೂ ಆಗಲಿಲ್ಲ, ಇಲ್ಲೂ ಆಗಲಿಲ್ಲ.” ಅವನ ದನಿ ಒಡೆಯಿತು. ಸುತ್ತ ನಿಂತವರು ತಿರುಗಿ ನೋಡಿದರು.

“ಮನಿಗಿ ಬರ್ರಿ ಭಾವ,” ಎಂದಳು ಅವಳು. “ಅಲ್ಲಿ ಹೇಳಬೇಕಂತ ಬರದದ್ದು ಇಲ್ಲಿ ಹೇಳ್ರಿ. ಈ ಸಲ ನಾನೂ ಅತ್ತಿ ಬಾಜೂಕ ಕೂಡ್ತೇನಿ.”

ಅವನ ಊರಿನ ಮೇಲೆ ಹೋಗುವ ಔರಾದಿನ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಹಿಡಿದು ಕುಳಿತ ನಾಗಸೇನ, ಆರು ವರ್ಷದಲ್ಲಿ ಮೊದಲ ಬಾರಿಗೆ, ತಮ್ಮನಿಗಾಗಿ ಮುಖ ಮುಚ್ಚಿಕೊಂಡು ಅತ್ತ.